ಅಪ್ಪನ ಗೇಟು, ನನ್ನ ಗೇಟು

ಇಂಜಿನಿಯರಿಂಗ್ ಕೊನೇ ವರ್ಷ ಅಪ್ಪನಿಗೆ ಫೋನ್ ಮಾಡಿ, ‘ಗೇಟ್ ಬರೀತೀನಪ್ಪ’ ಅಂದಿದ್ದೆ. ‘ಗೇಟಿನ ಮ್ಯಾಲ ಏನ್ ಬರೀತಿಯೋ?’ ಅಂದ.

ನನಗೆ ಗೇಟ್ ಅಂದ್ರೆ ಎಂ.ಟೆಕ್ ಪರೀಕ್ಷೆ, ಇಲ್ಲಾ ಎರಡೂ ಕಡೆ 1 ಕೊಟ್ಟರಷ್ಟೇ 1 ಕೊಡುವ ಲಾಜಿಕ್ ಗೇಟ್. ಗಂಗಾವತಿ ಕಡೆ ಭತ್ತ ಬೆಳೆಯೋ ಅಪ್ಪನಿಗೆ ಗೇಟ್ ಅಂದ್ರೆ ಡ್ಯಾಮು. ‘ಗೇಟ್ ಎತ್ಯಾರ’ ಅಂದ್ರೆ ತುಂಗಭದ್ರಾ ತುಂಬ್ತು ಅಂತ. ರೈಲ್ವೆ ಗೇಟ್ ‘ಬೀಳುತ್ತೆ’, ಮನೆ ಗೇಟ್ ‘ಹಾಕ್ತೀವಿ’. ಇಂಗ್ಲಿಷ್‌ನವರು ಪಾಪ, ಎಲ್ಲದಕ್ಕೂ ಓಪನ್, ಕ್ಲೋಸ್‌ನಲ್ಲೇ ಮುಗಿಸ್ತಾರೆ.

2024ರ ಆಗಸ್ಟ್ 11ರ ಬೆಳಿಗ್ಗೆ ಅಪ್ಪನ ಫೋನ್: ‘ಗೇಟ್ ಹೋತೋ ತಮ್ಮಾ.’ ನಿದ್ದೆಗಣ್ಣಲ್ಲಿ, ಮನೆ ಗೇಟ್ ಯಾರೋ ಕದ್ದರು ಅಂದ್ಕೊಂಡೆ. ಹಿಂದಿನ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು, ಗೇಟೇ ಕೊಚ್ಚಿಹೋಗಿತ್ತು. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ಎತ್ತಿದರು. ತುಂಬಿದ್ದ ಡ್ಯಾಮಿನ ನೀರು ಕಾಲುವೆಗೆ ಬರೋದು ಬಿಟ್ಟು ನದಿಗೆ ಹರೀತು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ಅವ್ವ ಹೇಳಿದಳು.

ಹಳೆಯ ಇಂಗ್ಲಿಷ್‌ನಲ್ಲಿ ಗೇಟ್ ಅಂದ್ರೆ ಬಾಗಿಲಷ್ಟೇ ಅಲ್ಲ, ತೆರೆದ ದಾರಿ ಅಂತಲೂ ಇತ್ತಂತೆ. ಆ ವಾರ 19ನೇ ಗೇಟಿಗೆ ಉಳಿದದ್ದು ಅದೊಂದೇ ಅರ್ಥ.

ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ, ಹರಿಯೋ ನೀರಲ್ಲೇ ಉಕ್ಕಿನ ತುಂಡುಗಳನ್ನ ಒಂದರ ಮೇಲೊಂದು ಇಳಿಸಿ 17ಕ್ಕೆ ಮುಚ್ಚಿದರು. ಅಪ್ಪ ಫೋನ್ ಮಾಡಿ, ‘ಸ್ಟಾಪ್‌ಲಾಗ್ ಕುಂತಾವ’ ಅಂದ. ಲಾಗ್ ಅಂದ್ರೆ ನನಗೆ ಗೊತ್ತಿದ್ದದ್ದು ಸರ್ವರ್‌ದು.

‘ಸ್ಟಾಪ್‌ಲಾಗ್ ಅಂದ್ರ ಏನಪ್ಪಾ?’ ಅಂತ ಕೇಳಿದೆ.