ರಕ್ತದ ವರದಿಯೂ ಒಂದು ಅಂಕಪಟ್ಟಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ದಿನಚರಿ ಗೊತ್ತಿರುವುದೇ. ಹತ್ತು ಗಂಟೆ ಗ್ರಂಥಾಲಯದ ಕುರ್ಚಿ, ನಡುನಡುವೆ ಸಕ್ಕರೆ ಹೆಚ್ಚಿರುವ ಚಹಾ, ರಾತ್ರಿ ಗೋಬಿ ಮಂಚೂರಿ, ಕೆಲವರಿಗೆ ಜೊತೆಗೊಂದು ಸಿಗರೇಟು. ‘ಈ ವಯಸ್ಸಿಗೆ ಏನಾಗುತ್ತೆ ಬಿಡು’ ಎಂಬ ಮಾತು ಬೇರೆ.

ಆದರೆ ರಕ್ತ ಎಲ್ಲದರ ಲೆಕ್ಕ ಇಡುತ್ತದೆ. ಸಕ್ಕರೆ, ಮೈದಾ, ಮದ್ಯ ಹೆಚ್ಚಾದರೆ ಟ್ರೈಗ್ಲಿಸರೈಡ್ ಏರುತ್ತದೆ. ಅದು ಡೆಸಿಲೀಟರಿಗೆ 150 ಮಿಲಿಗ್ರಾಂ ಒಳಗಿರಬೇಕು. ವನಸ್ಪತಿಯಲ್ಲಿ ಕರಿದ ತಿಂಡಿಯಿಂದ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಹೆಚ್ಚುತ್ತದೆ. ಧೂಮಪಾನ ಮತ್ತು ಕೂತೇ ಇರುವ ಅಭ್ಯಾಸ ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ ಅನ್ನು ತಗ್ಗಿಸುತ್ತವೆ. ಇದ್ಯಾವುದೂ ನೋವು ಕೊಡುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಸಮಾಧಾನದ ಸಂಗತಿಯೂ ಇದೆ. ನನ್ನ ಅಪ್ಪನ ಟ್ರೈಗ್ಲಿಸರೈಡ್ 280 ಇತ್ತು. ವೈದ್ಯರು ಹೇಳಿದಂತೆ ಸಿಹಿ, ಬೇಕರಿ ತಿಂಡಿ ಬಿಟ್ಟು ದಿನಾ ಅರ್ಧ ಗಂಟೆ ಬಿರುಸಾಗಿ ನಡೆದರು. ಮೂರು ತಿಂಗಳಲ್ಲಿ 170ಕ್ಕೆ ಇಳಿಯಿತು. ಹಾಗೆಂದು ಎಲ್ಲವೂ ನಮ್ಮ ಕೈಯಲ್ಲಿಲ್ಲ. ಎಲ್‌ಪಿ(ಎ) ಎಂಬ ಕೊಬ್ಬಿನ ಕಣ ವಂಶದಿಂದ ಬರುವಂಥದ್ದು; ನಡಿಗೆ, ಪಥ್ಯಕ್ಕೆ ಅಷ್ಟಾಗಿ ಬಗ್ಗದು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿದ್ದರೆ, ‘ನಾನು ತೆಳ್ಳಗಿದ್ದೇನೆ’ ಎಂಬ ಧೈರ್ಯ ಸಾಲದು.

2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ತಪಾಸಣೆಗೆ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಭಯ ಹುಟ್ಟಿದಾಗ ಓಡುವ ಬದಲು ಇಪ್ಪತ್ತು ದಾಟಿದ ನಾವೆಲ್ಲ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸೋಣ. ರಕ್ತದಾನ ಶಿಬಿರ ನಡೆಸುವ ಕಾಲೇಜುಗಳು ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ಏರ್ಪಡಿಸಲಿ. ನೌಕರಿ ಸಿಕ್ಕ ಮೇಲೆ ಆರೋಗ್ಯ ನೋಡಿಕೊಂಡರಾಯಿತು ಎಂದರೆ, ರಕ್ತನಾಳ ಅಲ್ಲಿಯವರೆಗೆ ಕಾಯುವುದಿಲ್ಲ.