ಶ್ರೀಶೈಲ ಯಾತ್ರೆಗೆ ಟ್ರ್ಯಾಕ್ಟರ್ ಸಜ್ಜುಗೊಳಿಸುವ ಮುನ್ನ

ಯುಗಾದಿಗೆ ಮುನ್ನ ದೇವದುರ್ಗ, ಮಾನ್ವಿ, ರಾಯಚೂರಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರ ಜೊತೆಗೆ, ತಾಡಪಾಲು ಹೊದಿಸಿದ ಟ್ರಾಲಿಯಲ್ಲಿ ನೀರಿನ ಡ್ರಮ್ಮು, ಹಾಸಿಗೆ, ಬೇಗ ಕೆಡದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಹೊತ್ತ ಟ್ರ್ಯಾಕ್ಟರ್ ಸಂಚಾರಿ ಮನೆಯಂತೆ ಸಾಗುತ್ತದೆ. ಆದರೆ ಆತ್ಮಕೂರು ದಾಟಿದ ಮೇಲೆ ಕಾಲ್ನಡಿಗೆಯವರು ವೆಂಕಟಾಪುರ, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಮೂಲಕ ನಲ್ಲಮಲ ಅರಣ್ಯದ ಹಾದಿ ಹಿಡಿದರೆ, ವಾಹನವು ದೋರ್ನಾಲ ಘಾಟಿಯನ್ನು, ಅಂದರೆ ತಿರುವುಗಳ ಬೆಟ್ಟದ ರಸ್ತೆಯನ್ನು, ಸುತ್ತಿಕೊಂಡು ಹೋಗಬೇಕಾಗುವುದರಿಂದ, ನೀರು, ಬ್ಯಾಟರಿ, ಔಷಧಗಳು ಟ್ರಾಲಿಯಲ್ಲೇ ಉಳಿದರೆ ಬಿಸಿಲಿಗೆ ಬಳಲಿದ ವೃದ್ಧರಿಗೆ ದಕ್ಕುವುದಿಲ್ಲವೆಂಬುದು ತೀವ್ರ ಕಳವಳದ ಸಂಗತಿ. ಅವನ್ನು ಮೊದಲೇ ಪ್ರತಿಯೊಬ್ಬರ ಹೆಗಲಚೀಲಕ್ಕೆ ಹಂಚುವುದೂ, ಟ್ರಾಲಿಯ ಹಿಂಬದಿಗೆ ಪ್ರತಿಫಲಕ, ಅಂದರೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಅಂಟಿಸುವುದೂ, ರಾತ್ರಿ ಸಂಚಾರ ನಿರ್ಬಂಧವಿರುವ ನಲ್ಲಮಲದ ಹುಲಿ ಸಂರಕ್ಷಿತ ಪ್ರದೇಶವನ್ನು ಹಗಲಲ್ಲೇ ದಾಟುವಂತೆ ಚಾಲಕರಿಗೆ ತಿಳಿಸುವುದೂ ಯಾತ್ರೆ ಕೈಗೊಳ್ಳುವ ತಂಡಗಳ ಹೊಣೆ.

– ಓದುಗರು, ಮಾನ್ವಿ