ಸಾಧನಾ ಪರೀಕ್ಷೆಯ ವರದಿ: ಅಂಕಿಯ ಪಕ್ಕದಲ್ಲಿ ಮೂರು ಸಾಲು

ಬೋಧನಾಭ್ಯಾಸ ಮುಗಿದ ಮೇಲೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಲ್ಲಿಸುವ ದಾಖಲೆಗಳಲ್ಲಿ ಸಾಧನಾ ಪರೀಕ್ಷೆಯ ವರದಿಯೂ ಒಂದು. ನೀಲನಕ್ಷೆ, ಪ್ರಶ್ನೆಪತ್ರಿಕೆ, ಆವೃತ್ತಿ ವಿತರಣಾ ಕೋಷ್ಟಕ, ಸರಾಸರಿ, ಮಾನಕ ವಿಚಲನೆ, ಆವೃತ್ತಿ ಬಹುಭುಜ ಎಲ್ಲವೂ ಅದರಲ್ಲಿರುತ್ತವೆ. ಕೊನೆಯ ಪುಟದಲ್ಲಿ ‘ನಿಧಾನ ಕಲಿಕೆಯ ಮಕ್ಕಳು’ ಎಂಬ ಪಟ್ಟಿ ಇರುತ್ತದೆ. ಹಲವು ವರ್ಷ ಆ ಪಟ್ಟಿಯ ಕೆಳಗೆ ನಾನು ಯೋಚಿಸದೆ ಸಹಿ ಹಾಕಿದ್ದೇನೆ. ಈಗ ಹಾಗೆ ಹಾಕುವುದಿಲ್ಲ. ಅದಕ್ಕೆ ಕಾರಣ ಶಿರೋಳದಲ್ಲಿ ನೋಡಿದ ಒಂದು ವರದಿ.

ಎಂಟನೆಯ ತರಗತಿ, ‘ಭಾಗಲಬ್ಧ ಸಂಖ್ಯೆಗಳು’ ಘಟಕ, 25 ಅಂಕಗಳ ಪರೀಕ್ಷೆ, 40 ಮಕ್ಕಳು. ಸರಾಸರಿ 13.5, ಮಾನಕ ವಿಚಲನೆ 5. ಸರಾಸರಿಗಿಂತ ಒಂದು ಮಾನಕ ವಿಚಲನೆ ಕೆಳಗೆ, ಅಂದರೆ 8.5ಕ್ಕಿಂತ ಕಡಿಮೆ ಪಡೆದ ಆರು ಮಕ್ಕಳ ಹೆಸರು ಪಟ್ಟಿಯಲ್ಲಿತ್ತು. ಪ್ರಶಿಕ್ಷಣಾರ್ಥಿ ಅದರ ಪ್ರತಿಯನ್ನು ತರಗತಿ ಶಿಕ್ಷಕರಿಗೂ ಕೊಟ್ಟಿದ್ದರು. “ಲೆಕ್ಕ ಬರೋಬ್ಬರಿ ಐತ್ರಿ ಸರ್” ಎಂದರು. ಲೆಕ್ಕ ನಿಜಕ್ಕೂ ಸರಿಯಾಗಿತ್ತು.

ಪಟ್ಟಿಯಲ್ಲಿದ್ದ ಒಬ್ಬ ಹುಡುಗಿಗೆ 8 ಅಂಕ. ಅವಳ ಉತ್ತರಪತ್ರಿಕೆಯಲ್ಲಿ ಮೊದಲ ನಾಲ್ಕು ಪ್ರಶ್ನೆಗಳು ಪೂರ್ತಿ ಸರಿ, ಮುಂದಿನದೆಲ್ಲ ಖಾಲಿ. ಹಾಜರಿ ಪುಸ್ತಕ ತೆಗೆಸಿ ನೋಡಿದರೆ, ಘಟಕದ ಹತ್ತು ಪಾಠಗಳಲ್ಲಿ ಅವಳು ಬಂದದ್ದು ಮೊದಲ ಮೂರಕ್ಕೆ ಮಾತ್ರ. ಕೇಳಿದಾಗ ತಲೆ ತಗ್ಗಿಸಿ, “ಹೆಸರ ಬಿಡಸಾಕ ಹೋಗಿದ್ದೆರಿ” ಎಂದಳು. ಕಲಿಸಿದಷ್ಟನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಪ್ರಶಿಕ್ಷಣಾರ್ಥಿ ಕೆಲವು ವಾರಗಳಲ್ಲಿ ಊರು ಬಿಡುತ್ತಾರೆ. ಪಟ್ಟಿ ಮಾತ್ರ ಶಾಲೆಯಲ್ಲಿ ಉಳಿಯುತ್ತದೆ, ಅವಳ ಹೆಸರಿನ ಜೊತೆಗೆ.

ತಪ್ಪು ಎಲ್ಲಿತ್ತು? ಗಣನೆಯಲ್ಲಿ ಅಲ್ಲ, ಅರ್ಥೈಸಿದ ರೀತಿಯಲ್ಲಿ. ಸಾಮಾನ್ಯ ಸಂಭವನೀಯತಾ ವಕ್ರರೇಖೆಯಲ್ಲಿ ಸರಾಸರಿಗಿಂತ ಒಂದು ಮಾನಕ ವಿಚಲನೆ ಕೆಳಗೆ ಸುಮಾರು ಶೇಕಡಾ 16ರಷ್ಟು ಜನ ಇರುತ್ತಾರೆ. 40 ಮಕ್ಕಳಲ್ಲಿ ಇದು ಆರು. ಅಂಕಗಳು ಹೆಚ್ಚುಕಡಿಮೆ ಆ ಆಕಾರದಲ್ಲಿ ಹರಡಿದ್ದರೆ, ಜಿಲ್ಲೆಯ ಅತ್ಯುತ್ತಮ ತರಗತಿಗೆ ಹೋದರೂ ಈ ಸೂತ್ರ ಆರು ‘ನಿಧಾನ ಕಲಿಕೆಯ’ ಮಕ್ಕಳನ್ನು ಹುಡುಕಿ ಕೊಡುತ್ತದೆ. ಮಾನಕ ವಿಚಲನೆ ಹೇಳುವುದು ಗುಂಪಿನಲ್ಲಿ ಮಗುವಿನ ಸ್ಥಾನವನ್ನು. ಮಗುವಿನ ಸ್ವಭಾವವನ್ನಲ್ಲ, ಅದು ಏನು ಕಲಿತಿದೆ ಎಂಬುದನ್ನೂ ಅಲ್ಲ.

ಎರಡನೆಯದು ಮಾಪನದ ದೋಷ. ಅದೇ ಪತ್ರಿಕೆಯ ಬೆಸ ಮತ್ತು ಸಮ ಸಂಖ್ಯೆಯ ಪ್ರಶ್ನೆಗಳ ಅಂಕಗಳನ್ನು ಬೇರ್ಪಡಿಸಿ ಸಹಸಂಬಂಧ ಕಂಡುಹಿಡಿದೆವು: 0.72. ಸ್ಪಿಯರ್‌ಮನ್-ಬ್ರೌನ್ ಸೂತ್ರದಿಂದ ಇಡೀ ಪರೀಕ್ಷೆಯ ವಿಶ್ವಸನೀಯತೆ 0.84 ಆಯಿತು. ಶಿಕ್ಷಕರೇ ತಯಾರಿಸಿದ ಪರೀಕ್ಷೆಗೆ ಇದು ಒಳ್ಳೆಯ ಗುಣಾಂಕವೇ. ಒಂದರಿಂದ 0.84 ಕಳೆದರೆ 0.16, ಅದರ ವರ್ಗಮೂಲ 0.4, ಅದನ್ನು ಮಾನಕ ವಿಚಲನೆ 5ರಿಂದ ಗುಣಿಸಿದರೆ 2. ಇದೇ ಮಾಪನದ ಮಾನಕ ದೋಷ. ಅಂದರೆ 8 ಅಂಕವನ್ನು ‘ಸುಮಾರು 6ರಿಂದ 10’ ಎಂದು ಓದಬೇಕು. ಹಾಗೆ ಓದಿದರೂ ನಮ್ಮ ಭರವಸೆ ಮೂರರಲ್ಲಿ ಎರಡು ಪಾಲು ಮಾತ್ರ. 8 ಪಡೆದ ಮಗು ಪಟ್ಟಿಯ ಒಳಗೆ, 9 ಪಡೆದ ಮಗು ಹೊರಗೆ ಎಂಬ ಗೆರೆಯನ್ನು ಈ ಪರೀಕ್ಷೆ ಎಳೆಯಲಾರದು.

ಮೂರನೆಯದು ಪ್ರಮಾಣಕ. ಇದಕ್ಕೆ ನಮ್ಮ ನೆರೆಯ ಧಾರವಾಡದಲ್ಲೇ ದೊಡ್ಡ ಪಾಠವಿದೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೋನ್ ಅವರು ಬುದ್ಧಿಶಕ್ತಿ ಮಾಪಕವನ್ನು ರಚಿಸಿದ್ದು, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು. 1916ರಲ್ಲಿ ಟರ್ಮನ್ ಅದನ್ನು ಅಮೆರಿಕದ ಮಕ್ಕಳಿಗೆ ಪರಿಷ್ಕರಿಸಿದರು. ಆ ಪ್ರಮಾಣಕಗಳು ಇಲ್ಲಿಯ ಮಕ್ಕಳಿಗೆ ಹೊಂದುವುದಿಲ್ಲವೆಂದು ವಿ.ವಿ. ಕಾಮತರು ಧಾರವಾಡದ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳ ಮೇಲೆ ಅದನ್ನು ಹೊಸದಾಗಿ ಪ್ರಮಾಣೀಕರಿಸಿದರು. 1934ರಲ್ಲಿ ಲೇಖನವಾಗಿ, 1940ರಲ್ಲಿ ಪುಸ್ತಕವಾಗಿ ಈ ಕೆಲಸ ಪ್ರಕಟವಾಯಿತು. ಆಗ ನಮ್ಮ ನರಗುಂದ ಭಾಗವೂ ಧಾರವಾಡ ಜಿಲ್ಲೆಗೇ ಸೇರಿತ್ತು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ದೇಶದ ಹಲವೆಡೆ ಬಳಕೆಯಲ್ಲಿದೆ.

ಕಾಮತರ ತರ್ಕವನ್ನು ನಾವು ಮುಂದುವರಿಸಬೇಕು. ಬೇರೆ ಊರಿನ ಪ್ರಮಾಣಕ ನಮಗೆ ಹೊಂದದಿದ್ದರೆ, ಬೇರೆ ಕಾಲದ್ದೂ ಹೊಂದುವುದಿಲ್ಲ. ಹಲವು ದೇಶಗಳಲ್ಲಿ ಪ್ರತಿ ದಶಕಕ್ಕೆ ಸುಮಾರು 3 ಅಂಶಗಳಂತೆ ಬುದ್ಧಿಲಬ್ಧ ಏರುತ್ತ ಬಂದದ್ದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಹಳೆಯ ಪ್ರಮಾಣಕ ಇಟ್ಟುಕೊಂಡು ಇಂದಿನ ಮಗುವನ್ನು ಅಳೆದರೆ, ಅಜ್ಜನ ಕಾಲದ ಮಕ್ಕಳ ಜೊತೆ ಮೊಮ್ಮಗನನ್ನು ಹೋಲಿಸಿದಂತೆ.

ಕೆಲವು ಸಹೋದ್ಯೋಗಿಗಳು, ಪ್ರಶಿಕ್ಷಣಾರ್ಥಿಗಳಿಗೆ ಇಷ್ಟೆಲ್ಲ ಹೊರೆ ಯಾಕೆ ಎನ್ನುತ್ತಾರೆ. ಪಾಠ ಯೋಜನೆ, ಬೋಧನೋಪಕರಣ, ವೀಕ್ಷಣಾ ಪುಸ್ತಕಗಳ ನಡುವೆ ಅವರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಆವೃತ್ತಿ ಬಹುಭುಜವನ್ನು ಮೂರು ಬಣ್ಣಗಳಲ್ಲಿ ಬರೆಯಲು ಸಿಗುವ ಸಮಯ ಇದಕ್ಕೂ ಸಿಗಬೇಕು. ಅಂಕಿಗಳನ್ನೇ ಬಿಟ್ಟು ಅನಿಸಿಕೆಯಿಂದ ಮಕ್ಕಳನ್ನು ವಿಂಗಡಿಸೋಣ ಎಂಬುದೂ ನನ್ನ ವಾದವಲ್ಲ. ಅನಿಸಿಕೆಗೆ ಎಷ್ಟು ದೋಷವಿದೆ ಎಂದು ಅಳೆಯಲು ಸೂತ್ರವೇ ಇಲ್ಲ. ಅಂಕಿಗೆ ಇದೆ, ಅದನ್ನು ಬಳಸೋಣ.

ಆದ್ದರಿಂದ ನನ್ನ ಸಲಹೆ ಇಷ್ಟೇ. ವರದಿಯಲ್ಲಿ ಯಾವ ಮಗುವಿನ ಹೆಸರು ಪ್ರತ್ಯೇಕವಾಗಿ ಬಂದರೂ ಅದರ ಪಕ್ಕದಲ್ಲಿ ಮೂರು ಸಾಲು ಇರಲಿ. ಈ ಅಂಕವನ್ನು ಯಾರ ಅಂಕಗಳೊಡನೆ ಹೋಲಿಸಿದ್ದೇವೆ? ಇದರಲ್ಲಿ ಎಷ್ಟು ದೋಷ ಇರಬಹುದು? ಮಗು ಬಿಟ್ಟ ಪ್ರಶ್ನೆಗಳು ಯಾವ ಕಲಿಕಾಂಶಕ್ಕೆ ಸೇರಿದವು, ಅದನ್ನು ಕಲಿಸಿದ ದಿನ ಮಗು ತರಗತಿಯಲ್ಲಿತ್ತೇ? ಕೊನೆಯ ಪುಟದ ಶೀರ್ಷಿಕೆಯೂ ಬದಲಾಗಲಿ: ‘ಪರಿಹಾರ ಬೋಧನೆ ಬೇಕಾದ ಕಲಿಕಾಂಶಗಳು’.

ಶಿರೋಳದ ಆ ಪ್ರಶಿಕ್ಷಣಾರ್ಥಿ ಪಟ್ಟಿಯನ್ನು ತರಗತಿ ಶಿಕ್ಷಕರಿಂದ ಮರಳಿ ಪಡೆದರು. ಹುಡುಗಿಗೆ ತಪ್ಪಿದ ಪಾಠಗಳನ್ನು ನಾಲ್ಕು ಸಂಜೆ ಕೂತು ಹೇಳಿಕೊಟ್ಟು, ಅದೇ ನೀಲನಕ್ಷೆಯ ಇನ್ನೊಂದು ಪತ್ರಿಕೆ ಕೊಟ್ಟರು. ಅವಳು 17 ಪಡೆದಳು. ಆ 17ರ ಪಕ್ಕದಲ್ಲಿಯೂ ಅವರು ‘15ರಿಂದ 19’ ಎಂದು ಬರೆದಿದ್ದರು. ಆ ವರದಿಗೆ ನಾನು ಸಂತೋಷದಿಂದ ಸಹಿ ಹಾಕಿದೆ.